ಇಳಕಲ್ಲೋ, ಬಾಗಲಕೋಟೆಯೋ, ಬೆಂಗಳೂರೋ?

ಪ್ರಶ್ನೆ: ನಾವು ಇಳಕಲ್ಲಿನವರು, ಮಗ್ಗದ ಮನೆತನ. ಮಗಳು ಹತ್ತನೆಯ ತನಕ ಕನ್ನಡ ಮಾಧ್ಯಮದಾಗ ಓದಿ, ಈ ವರ್ಷ ಪಿಯುಸಿ ಸೈನ್ಸ್ ಪಾಸಾಗ್ಯಾಳ. ಸಿಇಟಿ ರ‍್ಯಾಂಕ್ ಭಾಳ ದೂರ ಬಂದೈತಿ. ಬೆಂಗಳೂರಾಗ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟು ಕೊಡಸ್ತೀನಿ ಅಂತ ಬೀಗರೊಬ್ಬರು ಗಂಟುಬಿದ್ದಾರ. ಮಗಳು ಮಾತ್ರ ಬಿಎಸ್ಸಿನ ಮಾಡ್ತೀನಿ ಅಂತಾಳ. ಅದಕ್ಕ ಇಳಕಲ್ಲ ಸಾಕೋ, ಬಾಗಲಕೋಟೆಗೆ ಕಳಸಬೇಕೋ, ಧಾರವಾಡಕ್ಕೋ? ಚಲೋ ಕಾಲೇಜು ಯಾವುದು ಅಂತ ನಮ್ಮಂಥವರು ಗುರುತಿಸೋದು ಹ್ಯಾಂಗ? ಸೇರಿಸಿದ ಮ್ಯಾಲೆ ಆಕಿ ಏನೇನು ಮಾಡಬೇಕು?
– ಒಬ್ಬ ಓದುಗರು, ಇಳಕಲ್ಲ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಕೊನೆಯ ಸಾಲು. ಸೀಟು ಸಿಕ್ಕ ದಿನವೇ ಓದು ಮುಗಿಯಿತು ಅನ್ನುವಂತೆ ಪೇಢೆ ಹಂಚಿ ಸುಮ್ಮನಾಗುವವರು ಹೆಚ್ಚು. ಸೇರಿದ ಮೇಲೆ ಏನು ಮಾಡಬೇಕು ಎಂದು ಕೇಳುವವರು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೀಗರ ಮಾತು ಇತ್ಯರ್ಥವಾಗಲಿ.

ಮಗಳಿಗೆ ಇಂಜಿನಿಯರಿಂಗ್ ಬೇಡವಾಗಿದ್ದರೆ ಆ ಸೀಟು ಬೇಡ. ಲಕ್ಷಗಟ್ಟಲೆ ಫೀ, ಅದರ ಮೇಲೆ ಬೆಂಗಳೂರಿನ ಪಿಜಿ ಬಾಡಿಗೆ, ಊಟ. ಇಷ್ಟನ್ನೂ ಸಾಲ ಮಾಡಿ ತುಂಬಿದರೆ ನಾಲ್ಕು ವರ್ಷ ಆ ಸಾಲ ಆಕೆಯ ತಲೆಯ ಮೇಲೆ ಕೂತಿರುತ್ತದೆ. ಮನಸ್ಸಿಲ್ಲದ ವಿಷಯವನ್ನು ಸಾಲದ ಹೆದರಿಕೆಯಲ್ಲಿ ಓದುವ ಮಕ್ಕಳ ಸಂಕಟವನ್ನು ಕಂಡವನಾಗಿ ಹೇಳುತ್ತಿದ್ದೇನೆ. ಒಂದು ವೇಳೆ ಆಕೆಗೇ ಇಂಜಿನಿಯರಿಂಗ್ ಬೇಕೆನಿಸಿದರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಿಂದ ನಡೆಯುತ್ತಿದೆ. ಬೆಳಗಾವಿಯ ವಿಟಿಯು ಅಡಿಯಲ್ಲೇ ಇರುವ ಸ್ವಾಯತ್ತ ಕಾಲೇಜು ಅದು. ಮುಧೋಳದಲ್ಲೂ ಒಂದು ಇಂಜಿನಿಯರಿಂಗ್ ಕಾಲೇಜು ಇದೆ. ಸಿಇಟಿ ಸುತ್ತುಗಳು ಮುಗಿಯುವ ತನಕ ಕಾಯ್ದು ನೋಡಿ, ಆಮೇಲೆ ಮಿಕ್ಕ ಮಾತು. ಮಧ್ಯದವರ ಕೈಗೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಅವರು ಬೀಗರಾದರೂ ಸರಿ.

ರ‍್ಯಾಂಕಿನ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು. ನಿಮ್ಮ ಊರಿನ ಗಡಿ ದಾಟಿದರೆ ಕುಷ್ಟಗಿ, ಅಂದರೆ ಕೊಪ್ಪಳ ಜಿಲ್ಲೆ. ಆ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಅಲ್ಲಿನವರಿಗೆ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಮೀಸಲು. ಬಾಗಲಕೋಟೆ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ‘ಕುಷ್ಟಗಿಯ ನಮ್ಮ ಅಕ್ಕನ ಮಗನಿಗೆ ಇದಕ್ಕಿಂತ ದೂರದ ರ‍್ಯಾಂಕಿಗೆ ಸೀಟು ಸಿಕ್ಕಿತು, ನಿನಗ್ಯಾಕ ಸಿಗಲಿಲ್ಲ’ ಎಂದು ಮಗಳನ್ನು ಯಾರೂ ಹಂಗಿಸದಿರಲಿ. ಇಪ್ಪತ್ತು–ಮೂವತ್ತು ಕಿಲೋಮೀಟರಿನ ಅಂತರದಲ್ಲಿ ಲೆಕ್ಕವೇ ಬೇರೆಯಾಗುತ್ತದೆ. ಹಾಗೆಯೇ ಆಕೆಗೆ ಸಲ್ಲಬೇಕಾದದ್ದನ್ನು ಬಿಡಬೇಡಿ. ಒಂದರಿಂದ ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5ರ ಮೀಸಲಾತಿ ಇದೆ. ಆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಕಲಿತವರಿಗೆ ಶೇ 15ರ ಗ್ರಾಮೀಣ ಮೀಸಲಾತಿಯೂ ಉಂಟು. ಇಳಕಲ್ಲ ನಗರಸಭೆಯ ಊರಾದ್ದರಿಂದ ಪೇಟೆಯ ಶಾಲೆಯಲ್ಲಿ ಓದಿದ್ದರೆ ಎರಡನೆಯದು ಸಿಗಲಿಕ್ಕಿಲ್ಲ, ಮೊದಲನೆಯದು ಸಿಗುತ್ತದೆ.

ಇನ್ನು ಬಿಎಸ್ಸಿ. ನಮ್ಮ ಕಡೆ ಕಾಲೇಜುಗಳಿಗೆ ಬರಗಾಲವಿಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವನ್ನು ಬಿಳೂರು ಗುರುಬಸವ ಮಹಾಸ್ವಾಮಿಗಳು 1906ರಲ್ಲಿ ಕಟ್ಟಿದರು. ಇವತ್ತು ಶಾಲೆಯಿಂದ ಹಿಡಿದು ಮೆಡಿಕಲ್ ಕಾಲೇಜಿನವರೆಗೆ ಅದರ ಸಂಸ್ಥೆಗಳಿವೆ. ವಿದ್ಯಾಗಿರಿ ಎಂಬ ಬಡಾವಣೆಯೇ ಅದರ ಸುತ್ತ ಬೆಳೆಯಿತು. ಇಳಕಲ್ಲಿನಲ್ಲಿ, ಹುನಗುಂದದಲ್ಲಿ ವಿಜಯ ಮಹಾಂತೇಶರ ಹೆಸರಿನ ಕಾಲೇಜುಗಳಿವೆ, ಬಾದಾಮಿಯಲ್ಲಿ ವೀರ ಪುಲಿಕೇಶಿಯ ಹೆಸರಿನ ಸಂಸ್ಥೆ ಇದೆ. ಮಠಗಳು ಮುಂದೆ ನಿಂತು, ಊರವರು ದೇಣಿಗೆ ಕೊಟ್ಟು ಬೆಳೆಸಿದ ಕಾಲೇಜುಗಳು ಈ ಸೀಮೆಯಲ್ಲಿ ಬಹಳ. ಅವು ಇಲ್ಲದಿದ್ದರೆ ಇಲ್ಲಿನ ಎಷ್ಟೋ ಮನೆಗಳಿಂದ ಮೊದಲ ಪದವೀಧರರು ಹೊರಬರುತ್ತಲೇ ಇರಲಿಲ್ಲ. ಇದಲ್ಲದೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅಲ್ಲಿನ ಫೀ ಬಡವರ ಕೈಗೂ ಎಟುಕುತ್ತದೆ.

ಆದರೆ ಸಂಸ್ಥೆಯ ಹಿರಿಮೆ ಬೇರೆ, ನಿಮ್ಮ ಮಗಳು ಕೂರುವ ಕ್ಲಾಸಿನ ಸ್ಥಿತಿ ಬೇರೆ. ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಜೋರಾಗಿರಬಹುದು, ಭೌತಶಾಸ್ತ್ರಕ್ಕೆ ಮೇಷ್ಟ್ರೇ ಇಲ್ಲದಿರಬಹುದು. ಹಾಗಾಗಿ ಕಾಲೇಜನ್ನು ಅಳೆಯಲಿಕ್ಕೆ ನಾನು ನಂಬುವ ಅಳತೆ ಒಂದೇ: ಸಮಾರಂಭವಿಲ್ಲದ, ಯಾರೋ ಬರುತ್ತಾರೆಂದು ಮೊದಲೇ ಗೊತ್ತಿಲ್ಲದ ಒಂದು ಸಾದಾ ದಿನ ಅಲ್ಲಿ ಏನು ನಡೆಯುತ್ತದೆ ಎಂಬುದು. ಮಂಗಳವಾರವೋ ಬುಧವಾರವೋ ಮಗಳನ್ನು ಕರೆದುಕೊಂಡು ಹೋಗಿ. ಅಡ್ಮಿಷನ್ ಕೌಂಟರಿನಲ್ಲಿ ನಿಲ್ಲಬೇಡಿ, ಪ್ರಿನ್ಸಿಪಾಲರಿಗೆ ಕೈಮುಗಿದು ಅಪ್ಪಣೆ ಪಡೆದು ಒಳಗೆ ಅಡ್ಡಾಡಿ. ಅಪ್ಪಣೆ ಕೊಡದಿದ್ದರೆ ಅದೂ ಒಂದು ಉತ್ತರವೇ.

ಮೊದಲು ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ. ನಲ್ಲಿ ತಿರುಗಿಸಿ, ನೀರು ಬರುತ್ತದೋ ನೋಡಿ. ಸಿಂಕು ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿ ಪ್ರಯೋಗ ನಡೆದು ಬಹಳ ದಿನವಾಗಿದೆ ಎಂದರ್ಥ. ಬಾಟಲಿಗಳ ಚೀಟಿ ಓದಿ, ದ್ರಾವಣ ಯಾವಾಗ ತಯಾರಾಯಿತೆಂದು ಬರೆದಿರುತ್ತಾರೆ. ಮೇಜಿನ ಮೇಲೆ ಆಸಿಡ್ ಬಿದ್ದ ಕಲೆಗಳಿದ್ದರೆ ಸಂತೋಷಪಡಿ, ಹುಡುಗರು ಕೈಯಾಡಿಸುತ್ತಿದ್ದಾರೆ. ಬ್ಯುರೆಟ್‌ಗಳು ಎಷ್ಟಿವೆ, ಒಂದು ಬ್ಯಾಚಿನಲ್ಲಿ ಎಷ್ಟು ಜನ ಎಂದು ಕೇಳಿ. ಒಂದು ಬ್ಯುರೆಟ್ಟಿಗೆ ನಾಲ್ಕು ಜನ ಎಂದರೆ ಒಬ್ಬ ಮಾಡುತ್ತಾನೆ, ಮೂವರು ರೀಡಿಂಗ್ ಬರೆದುಕೊಳ್ಳುತ್ತಾರೆ. ನಿಮ್ಮ ಮಗಳು ಆ ಮೂವರಲ್ಲಿ ಒಬ್ಬಳಾಗಿ ಮೂರು ವರ್ಷ ಕಳೆಯಬಾರದು. ಹಿಂದಿನ ವರ್ಷದವರ ಪ್ರಾಕ್ಟಿಕಲ್ ಜರ್ನಲ್ ಸಿಕ್ಕರೆ ಎರಡು–ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲರ ರೀಡಿಂಗೂ ದಶಾಂಶದ ಕೊನೆಯ ಅಂಕಿಯವರೆಗೆ ಒಂದೇ ಆಗಿದ್ದರೆ ಪ್ರಯೋಗ ನಡೆದದ್ದು ಕಾಗದದ ಮೇಲೆ.

ಆಮೇಲೆ ಲೈಬ್ರರಿ. ಎಷ್ಟು ಸಾವಿರ ಪುಸ್ತಕ ಎಂದು ಕೇಳಬೇಡಿ, ಆ ಸಂಖ್ಯೆ ಎಲ್ಲರ ಬಾಯಲ್ಲೂ ಇರುತ್ತದೆ. ಮಗಳ ವಿಷಯದ ಕಪಾಟಿನಿಂದ ನಾಲ್ಕು ಪುಸ್ತಕ ತೆಗೆದು, ಹಿಂದಿನ ಪುಟಕ್ಕೆ ಅಂಟಿಸಿರುವ ತಾರೀಖಿನ ಚೀಟಿ ನೋಡಿ. ಕಳೆದ ತಿಂಗಳ ಠಸ್ಸೆ ಇದ್ದರೆ ಆ ಪುಸ್ತಕ ಮಕ್ಕಳ ಮನೆಗೆ ಹೋಗಿಬರುತ್ತಿದೆ. ಕೊನೆಯ ಠಸ್ಸೆ ಹತ್ತು ವರ್ಷದ ಹಿಂದಿನದಾಗಿದ್ದರೆ ಅದು ಕಪಾಟಿನಲ್ಲೇ ಮಲಗಿದೆ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕಾಲೇಜಾದರೆ ಈ ವರ್ಷ ಆ ವಿಭಾಗಕ್ಕೆ ಯಾವ ಹೊಸ ಪುಸ್ತಕ ಬಂದಿದೆ ಎಂದು ಲೈಬ್ರರಿಯನ್ನರನ್ನು ಕೇಳಿ. ಒಳ್ಳೆಯ ಲೈಬ್ರರಿಯನ್ ಎದ್ದು ಹೋಗಿ ಪುಸ್ತಕವನ್ನೇ ತಂದು ತೋರಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಲಿಸುವವರು. ಮಗಳು ತಗೊಳ್ಳುವ ವಿಷಯಗಳಿಗೆ ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ನೇರವಾಗಿ ಕೇಳಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ. ಅವರಲ್ಲಿ ಎಷ್ಟೋ ಮಂದಿ ಕಾಯಂ ಆದವರಿಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ, ಅವರ ಬಗ್ಗೆ ನನಗೆ ಗೌರವವಿದೆ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಅವರ ನೇಮಕಾತಿ ಪ್ರತಿ ವರ್ಷ ಹೊಸದಾಗಿ ಆಗಬೇಕು. ಅದು ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಹೋಗುತ್ತವೆ. ಕಳೆದ ವರ್ಷ ಮೊದಲ ಸೆಮಿಸ್ಟರಿನ ಪಾಠ ಯಾವಾಗ ಶುರುವಾಯಿತು, ಪರೀಕ್ಷೆಗೆ ಮುಂಚೆ ಪೋರ್ಷನ್ ಮುಗಿಯಿತೇ? ಈ ಎರಡು ಪ್ರಶ್ನೆಯನ್ನು ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ನಿಂತ ಎರಡನೇ ವರ್ಷದ ಹುಡುಗ–ಹುಡುಗಿಯರಿಗೆ ಕೇಳಿ. ಅವರು ಸುಳ್ಳು ಹೇಳುವುದಿಲ್ಲ.

ನ್ಯಾಕ್ ಗ್ರೇಡನ್ನು ನೋಡಿ, ಆದರೆ ಅದರ ಮೇಲೇ ನಿಲ್ಲಬೇಡಿ. ಕಾಲೇಜು ತಾನೇ ಬರೆದುಕೊಟ್ಟ ವರದಿಯಿಂದ ಆ ಮೌಲ್ಯಮಾಪನ ಶುರುವಾಗುತ್ತದೆ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಲಂಚದ ಪ್ರಕರಣದಲ್ಲಿ ಪರಿಶೀಲನೆಗೆ ಹೋದ ತಂಡದವರನ್ನೇ ಸಿಬಿಐ ಬಂಧಿಸಿತ್ತು. ಪ್ಲೇಸ್‌ಮೆಂಟ್ ಬ್ಯಾನರಿನಲ್ಲಿ ನಾಲ್ಕು ನಗುಮುಖಗಳಿದ್ದರೆ ಉಳಿದವರು ಎಲ್ಲಿ ಎಂದು ಕೇಳಬೇಕು. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜುಗಳು ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು ಎಂಬ ಲೆಕ್ಕವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಬ್ಯಾನರ್ ಬಿಟ್ಟು ಆ ಲೆಕ್ಕ ಓದಿ.

ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯದ ಬಗ್ಗೆಯೂ ಹಲವರಿಗೆ ಅಳುಕಿದೆ. ನಮ್ಮ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಈಚೆಗೆ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ ಗಾಬರಿ ಹುಟ್ಟಿದ್ದು ಸಹಜ. ವಿಶ್ವವಿದ್ಯಾಲಯ ವಿಲೀನವಾದರೂ ಓದುತ್ತಿರುವವರನ್ನು ಬೇರೊಂದಕ್ಕೆ ವಹಿಸಿಕೊಡುತ್ತಾರೆ, ಪದವಿ ಎಲ್ಲಿಗೂ ಹೋಗುವುದಿಲ್ಲ. ಆ ಚಿಂತೆಗಾಗಿ ಊರು ಬಿಡಬೇಡಿ. ಇನ್ನೊಂದು ಗೊಂದಲ ನಾಲ್ಕು ವರ್ಷದ ಡಿಗ್ರಿಯದು. 2021ರಲ್ಲಿ ಬಂದ ಆ ಪದ್ಧತಿಯನ್ನು ರಾಜ್ಯ ಸರ್ಕಾರ 2024–25ರಿಂದ ಕೈಬಿಟ್ಟಿದೆ. ಈಗ ಬಿಎಸ್ಸಿ ಮತ್ತೆ ಮೂರು ವರ್ಷ.

ಹಾಗಾದರೆ ಎಲ್ಲಿ? ಇಳಕಲ್ಲಿನಿಂದ ಹುನಗುಂದ, ಅಮೀನಗಡ, ಕಮತಗಿ ದಾಟಿ ಬಾಗಲಕೋಟೆ ಅರವತ್ತು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದರಿಂದ ಎಷ್ಟೋ ಹುಡುಗಿಯರ ಓದು ಉಳಿದಿದೆ, ನಿಜ. ಬಾದಾಮಿಯವರಿಗೆ ಗದಗ–ಸೊಲ್ಲಾಪುರ ಮಾರ್ಗದ ರೈಲೂ ಇದೆ. ಇಳಕಲ್ಲ, ಹುನಗುಂದದವರಿಗೆ ಬಸ್ಸೇ ಗತಿ. ಟಿಕೆಟ್ ಇಲ್ಲದಿದ್ದರೂ ವೇಳೆ ಹೋಗುತ್ತದಲ್ಲ? ಹೋಗಿಬರಲು ದಿನಕ್ಕೆ ಮೂರ್ನಾಲ್ಕು ತಾಸು, ಅದರಲ್ಲೂ ಬೆಳಗಿನ ಬಸ್ಸಿನಲ್ಲಿ ನಿಂತು. ಸಂಜೆ ಪ್ರಾಕ್ಟಿಕಲ್ ಮುಗಿಯುವ ಮುಂಚೆಯೇ ಬಸ್ಸಿನ ಚಿಂತೆ. ಬಿಎ, ಬಿಕಾಂ ಮಕ್ಕಳು ಹೇಗೋ ತೂಗಿಸಬಹುದು. ಸೈನ್ಸ್ ಓದುವವಳಿಗೆ ದಿನಾ ಓಡಾಟ ಬೇಡವೇ ಬೇಡ. ಇಳಕಲ್ಲಿನ ಕಾಲೇಜಿನಲ್ಲಿ ಆಕೆಯ ವಿಷಯದ ಲ್ಯಾಬು, ಮೇಷ್ಟ್ರು ನಾನು ಹೇಳಿದ ಪರೀಕ್ಷೆಯಲ್ಲಿ ಗೆದ್ದರೆ ಮನೆಯಲ್ಲೇ ಇದ್ದು ಓದಲಿ. ಗೆಲ್ಲದಿದ್ದರೆ ಬಾಗಲಕೋಟೆಗೆ ಕಳಿಸಿ, ಆದರೆ ಹಾಸ್ಟೆಲ್ಲಿನಲ್ಲಿಟ್ಟು ಓದಿಸಿ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ತಡಮಾಡದೆ ಅರ್ಜಿ ಹಾಕಿ. ಸೀಟು ಸಿಗದಿದ್ದರೆ ವಿದ್ಯಾಸಿರಿಗೆ, ಜೊತೆಗೆ ಎಸ್‌ಎಸ್‌ಪಿ ಪೋರ್ಟಲ್ಲಿನ ಉಳಿದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಕೊಡಿ. ಆಕೆ ಹತ್ತನೆಯ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿದ್ದರೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಹೆಣ್ಣುಮಕ್ಕಳಿಗೆ ಕೊಡುವ, ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನವನ್ನೂ ವಿಚಾರಿಸಿ. ಧಾರವಾಡವನ್ನು ಎಂಎಸ್ಸಿಗೆ ಕಾಯ್ದಿಡಿ, ಇದು ನನ್ನ ಅಭಿಪ್ರಾಯ. ಭೂವಿಜ್ಞಾನ, ಸಂಖ್ಯಾಶಾಸ್ತ್ರದಂಥ ಇಲ್ಲಿ ಸಿಗದ ವಿಷಯವೇ ಬೇಕೆಂದು ಆಕೆ ಹಟ ಹಿಡಿದರೆ ಮಾತ್ರ ಈಗಲೇ ಹೋಗಬಹುದು.

ಹೊಲ ಇರುವ ಮನೆಗಳವರೂ ಇದನ್ನು ಓದುತ್ತಿರಬಹುದು. 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ರಾಜ್ಯದ ಬೇರೆ ಬೇರೆ ಮೂಲೆಗಳಿಂದ ಮಕ್ಕಳು ಹುಡುಕಿಕೊಂಡು ಬರುವ ಜಾಗ ಅದು. ಕಲಾದಗಿಯ ಚಿಕ್ಕು, ದಾಳಿಂಬೆ ಬೆಳೆಯುವ ಮನೆಯ ಮಕ್ಕಳೇ ಅದರ ಕಡೆ ತಿರುಗಿ ನೋಡದಿರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಸಿಇಟಿ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಸಸಿ, ಸಲಕರಣೆಗಳನ್ನು ಗುರುತಿಸಬೇಕು. ಅಪ್ಪನ ಹಿಂದೆ ಹೊಲದಲ್ಲಿ ಅಡ್ಡಾಡಿದ ಮಗುವಿಗೆ ಅದು ಕಷ್ಟವಲ್ಲ. ಆದರೆ ಅರ್ಜಿ ತುಂಬುವಾಗಲೇ ಆ ಕೋಟಾ ಕೇಳಿರಬೇಕು, ಜಮೀನಿನ ಕಾಗದ ಸಿದ್ಧ ಇರಬೇಕು. ಫಲಿತಾಂಶ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ನೇಕಾರರ ಮಕ್ಕಳಿಗೂ ಇಂಥದೊಂದು ದಾರಿ ಇದೆ. ಗದಗ–ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಕಲಿಸುವ ಸಂಸ್ಥೆ ಉಂಟು. ಮನೆಯಲ್ಲಿ ಇನ್ನೊಬ್ಬ ಮಗ ಇದ್ದರೆ ಅವನಿಗಾದರೂ ಹೇಳಿ.

ಈಗ ಸೇರಿದ ಮೇಲಿನ ಮಾತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಿಯುಸಿಯಲ್ಲಿ ಶುರುವಾದ ಇಂಗ್ಲಿಷಿನ ಅಂಜಿಕೆ ಬಿಎಸ್ಸಿಯ ಮೊದಲ ಸೆಮಿಸ್ಟರಿನಲ್ಲಿ ಇನ್ನೂ ಬಲಿಯುತ್ತದೆ. ಬಾಯಿಪಾಠ ಮಾಡಿ ಪಾಸಾಗುವ ಚಾಳಿ ಅಂಟಿಕೊಳ್ಳುವುದು ಅಲ್ಲೇ. ಮಗಳಿಗೆ ಹೀಗೆ ಹೇಳಿ: ಆವತ್ತು ಕೇಳಿದ ಪಾಠವನ್ನು ಆವತ್ತೇ ರಾತ್ರಿ ಕನ್ನಡದಲ್ಲಿ, ತನ್ನದೇ ಮಾತಿನಲ್ಲಿ, ಮನೆಯವರಿಗೋ ಗೆಳತಿಗೋ ಹೇಳಿಕೊಡಬೇಕು. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಅರ್ಥವಾಗಿಲ್ಲ. ಅರ್ಥವಾದದ್ದನ್ನು ಆಮೇಲೆ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಯಲಿ, ತಪ್ಪಾದರೂ ಚಿಂತೆಯಿಲ್ಲ. ನೀವು ಮಗ್ಗದ ಕುಣಿಯಲ್ಲಿ ಕೂತೇ ಕೇಳಿಸಿಕೊಳ್ಳಬಹುದು. ‘ಅಂದ್ರೇನವ್ವಾ?’ ಎಂದು ಮತ್ತೆ ಮತ್ತೆ ಕೇಳಿ. ಓದದ ತಂದೆತಾಯಿ ಓದುವ ಮಗಳಿಗೆ ಕೊಡಬಹುದಾದ ಬಲು ದೊಡ್ಡ ಸಹಾಯ ಆ ಪ್ರಶ್ನೆ.

ಎರಡನೆಯದು, ಒಬ್ಬ ಮೇಷ್ಟ್ರನ್ನಾದರೂ ಹಿಡಿದುಕೊಳ್ಳಬೇಕು. ಯಾವ ಕಾಲೇಜಿನಲ್ಲೂ ಕೇಳಿದರೆ ಕಲಿಸುವವರು ಒಬ್ಬರಾದರೂ ಇರುತ್ತಾರೆ. ಕ್ಲಾಸ್ ಮುಗಿದ ಮೇಲೆ ಅವರ ಹತ್ತಿರ ಹೋಗಿ ‘ಸರ್, ಇದು ತಿಳೀಲಿಲ್ರಿ’ ಅನ್ನಲು ನಮ್ಮ ಹುಡುಗಿಯರು ನಾಚುತ್ತಾರೆ, ಆ ನಾಚಿಕೆ ಬಿಡಬೇಕು. ಲ್ಯಾಬಿನಲ್ಲಿ ಬ್ಯುರೆಟ್ ಹಿಡಿಯುವವಳು ತಾನಾಗಬೇಕು.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಯ ಸಿರಿ ಅದರಲ್ಲಿದೆ. ನೀರಿನ ಗಡಸುತನ ಅಳೆಯುವ ಇಡಿಟಿಎ ಪ್ರಯೋಗ ಕೆಮಿಸ್ಟ್ರಿ ಓದುವ ಎಲ್ಲರಿಗೂ ಬರುತ್ತದೆ. ಫ್ಲಾಸ್ಕಿನಲ್ಲಿ ದ್ರಾಕ್ಷಾರಸದಂಥ ಕೆಂಪು, ಹನಿ ಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಗೆ ತಟ್ಟನೆ ನೀಲಿ. ಕಾಲೇಜಿನಲ್ಲಿ ಅದನ್ನು ಕೊಟ್ಟ ದ್ರಾವಣದ ಮೇಲೆ ಮಾಡಿ ಜರ್ನಲ್ ಬರೆದು ಮುಗಿಸುತ್ತಾರೆ. ನಿಮ್ಮ ಮಗಳು ಮನೆಯ ಬೋರ್‌ವೆಲ್ ನೀರನ್ನು, ನೂಲಿಗೆ ಬಣ್ಣ ಹಾಕುವ ಮನೆಯ ನೀರನ್ನು, ಮಳೆನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಅದೇ ಪ್ರಯೋಗ ಮಾಡಲಿ. ಗಡಸು ನೀರಿನಲ್ಲಿ ಬಣ್ಣ ಸಮನಾಗಿ ಕೂರುವುದಿಲ್ಲ ಎಂಬುದು ಬಣ್ಣದ ಕೆಲಸದವರಿಗೆ ಅನುಭವದಿಂದ ಗೊತ್ತು. ಏಕೆ ಎಂಬುದು ಆಕೆಯ ಪುಸ್ತಕದಲ್ಲಿದೆ. ಈ ಎರಡನ್ನೂ ಕೂಡಿಸಬಲ್ಲವರು ನೇಕಾರರ ಮನೆಯ ಬಿಎಸ್ಸಿ ಮಕ್ಕಳೇ. ಹುನಗುಂದ–ಇಳಕಲ್ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಬಗ್ಗೆ ಸಂಶೋಧಕರು ಬರೆದಿದ್ದಾರೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಓಣಿ ಓಣಿಯ ನೀರು ಅಳೆದು ಪಟ್ಟಿ ಮಾಡಿದರೆ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಆಯಿತು, ಊರಿಗೂ ಉಪಕಾರವಾಯಿತು.

ಬೇರೆ ವಿಷಯದವರಿಗೂ ಹೀಗೇ. ಬಾದಾಮಿಯ ಮರಳುಗಲ್ಲಿನ ಮೇಲೆ ಕೋಟ್ಯಂತರ ವರ್ಷದ ಹಿಂದಿನ ಅಲೆಗಳ ಗುರುತು ಇಂದಿಗೂ ಕಾಣುತ್ತದೆ. ಅಲ್ಲಿನ ಮೂರನೇ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ, ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆದ 634ರದು ಇದೆ. ಹುನಗುಂದದ ಬಿಎ ಇತಿಹಾಸದ ವಿದ್ಯಾರ್ಥಿ ಅದನ್ನು ಗೈಡಿನಲ್ಲಿ ಓದಿ ಐದು ಅಂಕಕ್ಕೆ ಬರೆಯುತ್ತಾನೆ, ಗುಡ್ಡ ಹತ್ತಿ ನೋಡಿರುವುದಿಲ್ಲ. ಹಳೆಯ ಲಿಪಿ ಓದಲು ಮೇಷ್ಟ್ರ ಜೊತೆ ಕೂತು ಕಲಿತರೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರ ಓದಲು ದಾರಿ ತೆರೆಯುತ್ತದೆ. ಬಿಕಾಂ ಓದುವ ಹುಡುಗ ಮನೆಯ ಒಂದು ಟೋಪ್ ತೆನಿ ಸೀರೆಗೆ ನೂಲೆಷ್ಟು, ಕೂಲಿ ಎಷ್ಟು, ಸಾಹುಕಾರನ ಪಾಲೆಷ್ಟು, ಬೆಂಗಳೂರಿನ ಅಂಗಡಿಯಲ್ಲಿ ಬೆಲೆ ಎಷ್ಟು ಎಂದು ಲೆಕ್ಕ ಬರೆದರೆ ಕಾಸ್ಟಿಂಗ್ ಪಾಠ ಜನ್ಮದಲ್ಲಿ ಮರೆಯುವುದಿಲ್ಲ. ಇಂಥ ಕೆಲಸಕ್ಕೆ ಬೆಂಗಳೂರಿನ ಮಕ್ಕಳು ಬಸ್ ಮಾಡಿಕೊಂಡು ಇಲ್ಲಿಗೆ ಬರಬೇಕು.

ಹೊರಗಿನ ಬಾಗಿಲುಗಳನ್ನೂ ಆಕೆ ಮೊದಲ ವರ್ಷವೇ ತಿಳಿದಿರಲಿ. ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದ ವಿದ್ಯಾರ್ಥಿಗಳು ಎರಡು ತಿಂಗಳು ವಿಜ್ಞಾನಿಗಳ ಜೊತೆ ಕೆಲಸ ಮಾಡುತ್ತಾರೆ. ಅರ್ಜಿಯ ಜೊತೆ ಮೇಷ್ಟ್ರ ಶಿಫಾರಸು ಬೇಕಾಗುತ್ತದೆ, ಮೇಷ್ಟ್ರನ್ನು ಹಿಡಿದುಕೊಳ್ಳಬೇಕು ಎಂದಿದ್ದು ಅದಕ್ಕೂ ಆಯಿತು. ಬಿಎಸ್ಸಿ ಮುಗಿಸಿದವರು ಐಐಟಿಗಳಲ್ಲಿ ಎಂಎಸ್ಸಿ ಓದಲು ಜಾಮ್ ಎಂಬ ಪರೀಕ್ಷೆ ಬರೆಯಬಹುದು. ಯಾವ ಕಾಲೇಜಿನಿಂದ ಬಂದೆ ಎಂದು ಆ ಪರೀಕ್ಷೆ ಕೇಳುವುದಿಲ್ಲ. ಅದರ ಹಳೆಯ ಪ್ರಶ್ನೆಪತ್ರಿಕೆಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸ್ವಯಂ ಪೋರ್ಟಲ್ಲಿನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳೂ ಪುಕ್ಕಟೆ. ಎರಡನೇ ವರ್ಷದಿಂದಲೇ ವಾರಕ್ಕೆ ಹತ್ತು ಪ್ರಶ್ನೆ ಬಿಡಿಸುತ್ತಾ ಹೋದರೆ ಕೊನೆಯ ವರ್ಷ ಕೋಚಿಂಗಿಗೆ ಸಾಲ ಮಾಡುವ ಪ್ರಮೇಯ ಬರುವುದಿಲ್ಲ.

ಕಡೆಯದಾಗಿ ಕಾಗದಪತ್ರ. ಜಾತಿ–ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ, ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನು ಶಾಲೆಯಲ್ಲಿ ಈ ವಾರವೇ ಕೇಳಿ ಇಟ್ಟುಕೊಳ್ಳಿ. ಸೇರುವ ಕಾಲೇಜು ಅಂಕಪಟ್ಟಿ, ಟಿಸಿಗಳನ್ನು ಪರಿಶೀಲಿಸಲಿ. ಆದರೆ ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳುವಂತಿಲ್ಲ, ನಿಗದಿತ ದಿನದೊಳಗೆ ಸೀಟು ಬಿಟ್ಟರೆ ಫೀ ಮರಳಿಸಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನ ರಸೀದಿ ತಗೊಳ್ಳಿ. ಬಾಗಲಕೋಟೆಗೆ ಹೋಗುವ ದಿನ ಮಗಳ ತಾಯಿಯನ್ನೂ ಕರೆದುಕೊಂಡು ಹೋಗಿ. ಹಾಸ್ಟೆಲ್ಲಿನ ಅಡಿಗೆಮನೆ, ಬಚ್ಚಲು, ರಾತ್ರಿ ವಾರ್ಡನ್ ಇರುತ್ತಾರೋ ಇಲ್ಲವೋ ಎಂಬುದನ್ನು ಅವರೇ ಕಣ್ಣಾರೆ ನೋಡಲಿ. ನೋಡಿ ಬಂದ ಮೇಲೆ ಇಳಕಲ್ಲೋ ಬಾಗಲಕೋಟೆಯೋ ಎಂದು ನೀವು ಮೂವರೂ ಕೂತು ಮಾತಾಡಿ, ಕೊನೆಯ ಮಾತು ಮಗಳದಾಗಲಿ.